ಸ್ಪ್ಯಾನಿಷ್ ಎಕ್ಸ್‌ಚೇಂಜ್ ಹಿಡಿದು ಕಾರವಾರದಲ್ಲಿ ಗೆದ್ದದ್ದು

ಕಾರವಾರದ ಚೆಸ್ ಟೂರ್ನಿಯ ಕೊನೇ ಸುತ್ತಿನಲ್ಲಿ, ನನಗಿಂತ ನೂರೈವತ್ತು ರೇಟಿಂಗ್ ಮೇಲಿದ್ದವರನ್ನು ಸ್ಪ್ಯಾನಿಷ್ ಎಕ್ಸ್‌ಚೇಂಜ್‌ನಲ್ಲೇ ಸೋಲಿಸಿದೆ. ನಾಲ್ಕನೇ ನಡೆಗೆ ಬಿಳಿಯ ಬಿಷಪ್ ಸಿ6ರ ಕುದುರೆಯನ್ನು ಹೊಡೆದು, ಕಪ್ಪಿನ ಡಿ ಪಾನ್ (ಕಾಲಾಳು) ಸಿ ಸಾಲಿಗೆ ಬಂದು, ಅಲ್ಲಿ ಎರಡು ಪಾನ್ ಒಂದರ ಹಿಂದೊಂದು ಜೋಡಿಯಾಗಿ ನಿಲ್ಲುವ ಓಪನಿಂಗ್ (ಆಟದ ಆರಂಭದ ನಡೆಗಳು) ಇದು. ಶಿರಸಿಯ ನಮ್ಮ ಗುಂಪಿನಲ್ಲಿ ಇದನ್ನು ಯಾರೂ ನಂಬಿರಲಿಲ್ಲ. "ಎಂತ ಮಾರಾಯ, ಒಂಬತ್ತನೇ ನಡೆಗೇ ಕ್ವೀನ್ ಹೋದ್ರೆ ಡ್ರಾ ಬಿಟ್ಟು ಎಂತ ಸಿಕ್ತು?" ವಿಶ್ವ ಚಾಂಪಿಯನ್ ಲಾಸ್ಕರ್ 1914ರಲ್ಲಿ ಕಾಪಾಬ್ಲಾಂಕಾನನ್ನು ಹೊಡೆದದ್ದು ಇದರಲ್ಲೇ, ಅಮೆರಿಕದ ಫಿಷರ್ 1966ರ ಹವಾನಾ ಒಲಿಂಪಿಯಾಡ್‌ಗೆ ಒಯ್ದದ್ದೂ ಇದನ್ನೇ ಎಂದರೂ ಕೇಳುವವರಿರಲಿಲ್ಲ.

ಮೊದಲ ವರ್ಷ ಕೈಕೊಟ್ಟದ್ದು ನಿಜ. ಹುಬ್ಬಳ್ಳಿ, ಕುಮಟಾ ಸುತ್ತಿ ಅರ್ಧರ್ಧ ಪಾಯಿಂಟು ತಂದೆ. ಎಂಟ್ರಿ ಫೀ, ಬಸ್ಸು, ಊಟ ಸೇರಿ ಏಳೆಂಟು ಸಾವಿರ ಹೋಗಿರಬೇಕು. ತೊಂದರೆಯ ಬುಡ ಡಿ6 ಮನೆಯಲ್ಲಿತ್ತು. ಅಲ್ಲಿಯ ಕಪ್ಪಿನ ಬಿಷಪ್ಪನ್ನು ನಾವು ಹೊಡೆದೊಡನೆ ಸಿ7ರ ಪಾನ್ ಡಿ6ಕ್ಕೆ ಬಂದು ಕಪ್ಪಿನ ಜೋಡಿ ಪಾನ್ ಬಿಚ್ಚಿಕೊಳ್ಳುತ್ತದೆ. ಆಮೇಲೆ ಬಿಳಿಗೆ ಹಿಡಿಯಲು ಏನೂ ಉಳಿಯುವುದಿಲ್ಲ.

ಓಪನಿಂಗ್ ಓದು ಬಿಟ್ಟು, ಬೇರೆ ಕಾಯಿಗಳೆಲ್ಲ ಹೋದ ಮೇಲೆ ಉಳಿಯುವ ಎಂಡ್‌ಗೇಮ್ ಹಿಡಿದೆ. ಬೋರ್ಡಿನಲ್ಲಿ ರಾಜ, ಪಾನ್ ಮಾತ್ರ ಇಟ್ಟು, ಬಿಳಿಯ ಡಿ ಪಾನ್ ಮತ್ತು ಕಪ್ಪಿನ ಇ ಪಾನ್ ತೆಗೆದು, ಕಪ್ಪಿನ ಡಿ ಪಾನನ್ನು ಸಿ ಸಾಲಿಗೆ ಸರಿಸಿ, ಮಳೆಗಾಲವಿಡೀ ಮೊಬೈಲ್ ಎಂಜಿನ್ ಎದುರು ಆಡಿದೆ. ದೀಪಾವಳಿ ಹೊತ್ತಿಗೆ ಹತ್ತರಲ್ಲಿ ಏಳೆಂಟು ನನ್ನವು. ನಮ್ಮ ಗುಂಪಿನಲ್ಲಿ ಈ ಎಂಡ್‌ಗೇಮನ್ನು ಇಷ್ಟು ಚೆನ್ನಾಗಿ ಆಡುವವರು ಬೇರೆ ಯಾರೂ ಇಲ್ಲ.

ನಡುವೆ ಕಪ್ಪಿನಲ್ಲಿ, ಸ್ಪ್ಯಾನಿಷ್‌ಗೇ ಇನ್ನೊಂದು ಉತ್ತರವಾದ ಬರ್ಲಿನ್ನೂ ಆಡಿ ನೋಡಿದೆ, ಕ್ರಾಮ್ನಿಕ್ 2000ದ ವಿಶ್ವ ಚಾಂಪಿಯನ್ ಪಂದ್ಯದಲ್ಲಿ ಕಾಸ್ಪರೋವ್ ಎದುರು ಆಡಿದ್ದು. ಅಲ್ಲಿ ಅದೇ ಜೋಡಿ ಪಾನ್ ನಮ್ಮ ಪಾಲಿಗೆ ಬರುತ್ತದೆ. ಅಂಕ ಹೆಚ್ಚೇನೂ ಸಿಗಲಿಲ್ಲ, ಆದರೆ ಆ ಪಾನ್ ಇಟ್ಟುಕೊಂಡವರಿಗೆ ಎಲ್ಲಿ ನೋಯುತ್ತದೆ ಎಂದು ತಿಳಿಯಿತು.

ಕಾರವಾರದಲ್ಲಿ ಕ್ವೀನ್ ಹೋದ ಮೇಲೆ ಅವರ ಎರಡು ಬಿಷಪ್‌ಗಳದ್ದೇ ಭಯ. ಕುದುರೆಯನ್ನು ಇ2, ಎಫ್4 ಮೂಲಕ ತಂದು ಇ6ರ ಬಿಷಪ್ ತೆಗೆದೆ. ಕುದುರೆ ಹೊರಡುವ ಮುಂಚೆ ಆಡಬೇಕಾದ ಸಣ್ಣ ನಡೆಯೊಂದಿದೆ. ಮುಂದಿನ ಟೂರ್ನಿಗೆ ಬೇಕು, ಇಲ್ಲಿ ಬರೆಯುವುದಿಲ್ಲ. ಆನೆಗಳು ಡಿ ಸಾಲಿನಲ್ಲಿ ಒಂದಕ್ಕೊಂದು ಹೊಡೆದು ಹೋದವು. ನಲವತ್ತನೇ ನಡೆಯ ಆಸುಪಾಸು ರಾಜ, ಪಾನ್ ಮಾತ್ರ ಉಳಿದಾಗ ಅವರು ಡ್ರಾ ಕೇಳಿದರು. ಒಪ್ಪಲಿಲ್ಲ. ಕ್ವೀನ್ ಕಡೆ ಅವರ ನಾಲ್ಕು ಪಾನನ್ನು ನನ್ನ ಮೂರೇ ತಡೆದವು, ಈ ಕಡೆ ಇ ಪಾನ್ ಓಡಿತು.

ಬಹುಮಾನ ಎರಡೂವರೆ ಸಾವಿರ. ಲಾಡ್ಜು, ಬಸ್ಸು ಕಳೆದು ಆರೇಳು ನೂರು ಉಳಿಯಿತು.

ಆಡುವವರಿಗೆ ಒಂದು ಮಾತು: ಐದನೇ ನಡೆಗೆ ಕಪ್ಪು ಬಿಷಪ್ಪನ್ನು ಜಿ4ಕ್ಕೆ ತಂದು, ನಿಮ್ಮ ಎಚ್3ಕ್ಕೆ ಎಚ್5 ಅಂದರೆ ಆ ಬಿಷಪ್ಪನ್ನು ಆಗಲೇ ಹೊಡೆಯಬೇಡಿ. ಎಚ್ ಸಾಲು ತೆರೆದು ಆನೆ ನಿಮ್ಮ ರಾಜನ ಮೇಲೆ ಬರುತ್ತದೆ. ಡಿ3 ಆಡಿ.