ಇಪ್ಪತ್ತು ಕೆರೆಗಳನ್ನು ಹೋಲಿಸುವ ಬಗೆ: ಗುಣಾತ್ಮಕ ತುಲನಾತ್ಮಕ ವಿಶ್ಲೇಷಣೆ

ಶಿವಮೊಗ್ಗ ಜಿಲ್ಲೆಯಲ್ಲಿ ಕ್ಷೇತ್ರಕಾರ್ಯ ಮಾಡುವ ಸಂಶೋಧನಾ ವಿದ್ಯಾರ್ಥಿಗೆ ಹದಿನೈದೋ ಇಪ್ಪತ್ತೋ ಊರುಗಳ ಮಾಹಿತಿ ದೊರೆತರೆ ಅದೇ ದೊಡ್ಡದು. ಅಂಕಿಅಂಶಗಳ ವಿಶ್ಲೇಷಣೆಗೆ ಅಷ್ಟು ಸಾಲದು. ಒಂದೊಂದು ಊರಿನ ಕಥೆಯನ್ನೂ ಬರೆದು ಮನಸ್ಸಿನಲ್ಲೇ ಹೋಲಿಸಲು ಅಷ್ಟು ಹೆಚ್ಚಾಯಿತು. ಈ ನಡುವಿನ ಅಳತೆಗೆಂದೇ ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ರೇಗಿನ್ 1987ರಲ್ಲಿ ಗುಣಾತ್ಮಕ ತುಲನಾತ್ಮಕ ವಿಶ್ಲೇಷಣೆಯ ವಿಧಾನವನ್ನು ಮುಂದಿಟ್ಟರು. ಯಾವ ಯಾವ ಷರತ್ತುಗಳು ಒಟ್ಟುಗೂಡಿದಾಗ ಒಂದು ಫಲ ಕಾಣಿಸಿಕೊಳ್ಳುತ್ತದೆ, ಅದೇ ಫಲಕ್ಕೆ ಎಷ್ಟು ಬೇರೆ ದಾರಿಗಳಿವೆ ಎಂಬುದು ಈ ವಿಧಾನದ ಪ್ರಶ್ನೆ.

ಸೊರಬ, ಶಿಕಾರಿಪುರ ತಾಲ್ಲೂಕುಗಳ ಕೆರೆಗಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮುಂದಿನ ವಿವರಗಳು ವಿಧಾನವನ್ನು ತೋರಿಸಲು ಕಲ್ಪಿಸಿಕೊಂಡವು. ಕೆಲವು ಊರುಗಳಲ್ಲಿ ಕೆರೆ ಸಮಿತಿ ಚೆನ್ನಾಗಿ ನಡೆಯುತ್ತದೆ, ಕೆಲವೆಡೆ ಹೆಸರಿಗೆ ಮಾತ್ರ ಇದೆ, ಏಕೆ? ಪ್ರಕರಣಗಳನ್ನು ಆರಿಸುವಾಗ ಸೋತ ಸಮಿತಿಗಳನ್ನೂ ಅಷ್ಟೇ ಶ್ರದ್ಧೆಯಿಂದ ಸೇರಿಸಿಕೊಳ್ಳಬೇಕು, ಇಲ್ಲವಾದರೆ ಹೋಲಿಕೆಗೆ ಆಧಾರವೇ ಇರುವುದಿಲ್ಲ. ಷರತ್ತುಗಳು ನಾಲ್ಕು ಸಾಕು: ಅಚ್ಚುಕಟ್ಟಿನ ಬಹುಪಾಲು ಇನ್ನೂ ಭತ್ತದ ಗದ್ದೆಯಾಗಿರುವುದು, ಕೊಳವೆಬಾವಿಗಳ ಅವಲಂಬನೆ ಕಡಿಮೆ ಇರುವುದು, ಹಿಡುವಳಿಗಳು ಹೆಚ್ಚುಕಡಿಮೆ ಸಮನಾಗಿರುವುದು, ಹೊರಗಿನ ಹಣಕಾಸಿನ ನೆರವು ದೊರೆತಿರುವುದು. ಪ್ರತಿ ಷರತ್ತೂ ಇದೆ ಅಥವಾ ಇಲ್ಲ ಎಂದು ಹಿಡಿದರೆ ನಾಲ್ಕು ಷರತ್ತುಗಳಿಂದ 16 ಸಂಯೋಜನೆಗಳಾಗುತ್ತವೆ, ಏಳಾದರೆ 128. ಒಂದೊಂದು ಸಂಯೋಜನೆಯೂ ಮುಂದೆ ಕಟ್ಟುವ ಕೋಷ್ಟಕದ ಒಂದು ಸಾಲು. ಇಪ್ಪತ್ತು ಕೆರೆಗಳನ್ನು 128 ಸಾಲುಗಳಲ್ಲಿ ಹರಡಿದರೆ ಹೋಲಿಸಲು ಏನೂ ಉಳಿಯದು.

ಮುಂದಿನ ಹೆಜ್ಜೆ ಅಂಕ ನಿಗದಿ, ಅಂದರೆ ಪ್ರತಿ ಊರು ಪ್ರತಿ ಗಣಕ್ಕೆ (ಒಂದು ಷರತ್ತನ್ನೋ ಫಲವನ್ನೋ ಹೊಂದಿದ ಊರುಗಳ ಗುಂಪಿಗೆ) ಎಷ್ಟರಮಟ್ಟಿಗೆ ಸೇರುತ್ತದೆ ಎಂದು 0ಯಿಂದ 1ರವರೆಗೆ ಸೂಚಿಸುವುದು. ಇಡೀ ಕೆಲಸದ ಜೀವಾಳ ಇದೇ ಎಂದು ನಾನು ನಂಬುತ್ತೇನೆ. ಹೆಚ್ಚು ದಿನಗಳನ್ನು ಇಲ್ಲೇ ಕಳೆಯಬೇಕು. ಮಳೆಗಾಲಕ್ಕೆ ಮೊದಲು ಊರಿನವರೇ ಕಾಲುವೆ ಶುಚಿಗೊಳಿಸಿ, ತೂಬು ತೆಗೆಯುವ ದಿನವನ್ನು ಸಭೆಯಲ್ಲಿ ನಿಶ್ಚಯಿಸಿ, ಮೇಲಿನ ಗದ್ದೆಗೂ ಕೊನೆಯ ಗದ್ದೆಗೂ ಸರದಿಯಂತೆ ನೀರು ಕೊಡುವ ಸಮಿತಿಗೆ 1 ಕೊಡಬಹುದು. ಸಭೆ ನಡೆದರೂ ಮಳೆ ಕೈಕೊಟ್ಟ ವರ್ಷ ಸರದಿ ಮುರಿದುಬೀಳುವಲ್ಲಿ 0.67, ಹೊರಗಿನ ಹಣ ಬಂದಾಗ ಮಾತ್ರ ಹೂಳೆತ್ತುವ ಸಮಿತಿಗೆ 0.33, ಕಾಗದದ ಮೇಲಷ್ಟೇ ಇರುವುದಕ್ಕೆ 0. ಭತ್ತದ ವಿಸ್ತೀರ್ಣದಂತಹ ಅಂಕಿಗಳಿದ್ದಾಗ ಮೂರು ಗಡಿಗಳನ್ನು ಮೊದಲೇ ಗುರುತಿಸಬೇಕು: ಪೂರ್ಣ ಸೇರ್ಪಡೆ, ಪೂರ್ಣ ಹೊರಗು, ಇವೆರಡರ ನಡುವೆ ಒಳಗೋ ಹೊರಗೋ ಹೇಳಲಾಗದ 0.5ರ ಬಿಂದು. ಆರಿಸಿದ ಊರುಗಳ ಸರಾಸರಿಯನ್ನು 0.5 ಎಂದು ತೆಗೆದುಕೊಳ್ಳುವ ರೂಢಿಯನ್ನು ಬಿಡಬೇಕು, ಏಕೆಂದರೆ ಎಲ್ಲ ಊರುಗಳಲ್ಲೂ ಗದ್ದೆಗಳು ಅಡಿಕೆ ತೋಟಗಳಾಗಿದ್ದರೂ ಸರಾಸರಿ ಮಾತ್ರ ಅವುಗಳಲ್ಲಿ ಕೆಲವನ್ನು ಭತ್ತದ ಊರೆಂದೇ ತೋರಿಸುತ್ತದೆ. ಗಡಿಯ ಕಾರಣ ಕೃಷಿಯಿಂದ, ನೀರಿನ ಹಂಚಿಕೆಯಿಂದ ಬರಬೇಕು. ಯಾವ ಊರಿಗೂ ನಿಖರವಾಗಿ 0.5 ಕೊಡಬಾರದು, ಕೊಟ್ಟರೆ ಅದು ಕೋಷ್ಟಕದ ಯಾವ ಸಾಲಿಗೂ ಸೇರದೆ ಹೊರಗುಳಿಯುತ್ತದೆ.

ಬಳಿಕ ಪ್ರತಿ ಷರತ್ತೂ ಅಗತ್ಯವೇ ಎಂದು ಬಿಡಿಯಾಗಿ ಪರೀಕ್ಷಿಸಿ, ಅದಕ್ಕೆ ಕನಿಷ್ಠ 0.9ರ ಸುಸಂಗತತೆಯನ್ನು, ಅಂದರೆ ಇಂಥ ಹೇಳಿಕೆಗೆ ಊರುಗಳ ಅಂಕಗಳು ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬ 0ಯಿಂದ 1ರವರೆಗಿನ ಅಳತೆಯನ್ನು, ಅಪೇಕ್ಷಿಸುವುದು ವಾಡಿಕೆ. ಅನಂತರ 16 ಸಾಲುಗಳ ಸತ್ಯಕೋಷ್ಟಕವನ್ನು ಸಿದ್ಧಪಡಿಸಿ, ಪ್ರತಿ ಊರನ್ನೂ ಅದರ ಸಾಲಿನಲ್ಲಿ ಕೂರಿಸಬೇಕು. ಒಂದೇ ಸಾಲಿನಲ್ಲಿ ಗೆದ್ದ ಸಮಿತಿಯೂ ಸೋತ ಸಮಿತಿಯೂ ಕುಳಿತರೆ, ಅಲ್ಪಸಂಖ್ಯೆಯ ಊರನ್ನು ಕೈಬಿಟ್ಟು ಮುಂದೆ ಹೋಗುವ ಆಸೆಯನ್ನು ತಡೆದುಕೊಂಡು ಆ ಎರಡೂ ಊರುಗಳಿಗೆ ಮತ್ತೆ ಹೋಗಬೇಕು. ಒಂದು ಕೆರೆಯ ಅಚ್ಚುಕಟ್ಟು ಒಂದೇ ಊರಿನದು, ಇನ್ನೊಂದರದು ಎರಡು ಊರುಗಳಿಗೆ ಹಂಚಿಹೋಗಿದೆ ಎಂಬುದು ಆಗ ತಿಳಿಯಬಹುದು. ಅಲ್ಲಿಗೆ ನಿಮ್ಮ ಪಟ್ಟಿಯಲ್ಲಿ ಇಲ್ಲದ ಷರತ್ತೊಂದು ಸಿಕ್ಕಿತು. ಅದನ್ನು ಸೇರಿಸಿ, ದುರ್ಬಲವಾದ ಇನ್ನೊಂದನ್ನು ತೆಗೆದು ಕೋಷ್ಟಕವನ್ನು ಮತ್ತೆ ಕಟ್ಟಬೇಕು. ಕ್ಷೇತ್ರಕ್ಕೂ ಕೋಷ್ಟಕಕ್ಕೂ ಹೀಗೆ ಓಡಾಡುವುದು ವಿಧಾನದ ಭಾಗವೇ ಆಗಿದೆ. ಪ್ರಬಂಧದಲ್ಲಿ ಅದನ್ನು ಮರೆಮಾಡಬೇಕಿಲ್ಲ.

ಕೋಷ್ಟಕದ ಸಾಲುಗಳನ್ನು ಸಂಕ್ಷೇಪಿಸುವ ಕೆಲಸವನ್ನು ಬೂಲಿಯನ್ ಬೀಜಗಣಿತ, ಅಂದರೆ ಇದೆ ಅಥವಾ ಇಲ್ಲ ಎಂಬ ಎರಡೇ ಬೆಲೆಗಳ ಗಣಿತ, ಮಾಡುತ್ತದೆ. ಭತ್ತವಿದ್ದು, ಕೊಳವೆಬಾವಿ ಕಡಿಮೆಯಿದ್ದು, ಹಿಡುವಳಿ ಸಮನಾಗಿರುವಲ್ಲಿ ನೆರವು ಬಂದರೂ ಬಾರದಿದ್ದರೂ ಸಮಿತಿ ನಡೆಯುತ್ತಿದೆ ಎಂದಾದರೆ, ಆ ದಾರಿಯಿಂದ ನೆರವು ಎಂಬ ಷರತ್ತು ಬಿದ್ದುಹೋಗುತ್ತದೆ. ಎಫ್‌ಎಸ್‌ಕ್ಯುಸಿಎ ಎಂಬ ಉಚಿತ ತಂತ್ರಾಂಶದಲ್ಲಾಗಲಿ, ಅಂಕಿಅಂಶಗಳ ಕೆಲಸಕ್ಕೆ ಬಳಸುವ ಆರ್ ಎಂಬ ಕಂಪ್ಯೂಟರ್ ಭಾಷೆಯ ಪ್ಯಾಕೇಜಿನಲ್ಲಾಗಲಿ ಇದು ಕ್ಷಣದ ಕೆಲಸ. ಆದರೆ ಯಾವ ಊರೂ ಇಲ್ಲದ ಖಾಲಿ ಸಾಲುಗಳನ್ನು ಏನು ಮಾಡಬೇಕೆಂದು ತಂತ್ರಾಂಶ ನಿಮ್ಮನ್ನೇ ಕೇಳುತ್ತದೆ. ಅವುಗಳನ್ನು ಪೂರ್ತಿ ಬಿಟ್ಟರೆ ಉತ್ತರ ಉದ್ದವಾಗುತ್ತದೆ, ಮನಬಂದಂತೆ ಬಳಸಿದರೆ ಚಿಕ್ಕದಾದರೂ ಅದರ ಅಡಿಯಲ್ಲಿ ನಂಬಲಾಗದ ಊಹೆಗಳು ಸೇರಿಕೊಳ್ಳಬಹುದು. ತಿಳಿವಳಿಕೆ ಒಪ್ಪುವ ಊಹೆಗಳನ್ನಷ್ಟೇ ಬಳಸುವ ನಡುವಣ ಉತ್ತರವೇ ಸಾಮಾನ್ಯವಾಗಿ ಮೇಲು.

ಸಾಲೊಂದನ್ನು ಫಲಕ್ಕೆ ಸಾಕಾಗುವಂಥದ್ದೆಂದು ಒಪ್ಪಲು ಸುಸಂಗತತೆ ಸಾಮಾನ್ಯವಾಗಿ 0.8 ಮುಟ್ಟಬೇಕು. ಆ ದಾರಿ ಫಲದ ಎಷ್ಟು ಭಾಗವನ್ನು ವಿವರಿಸುತ್ತದೆ ಎಂಬುದನ್ನು ವ್ಯಾಪ್ತಿ ಹೇಳುತ್ತದೆ. ಗಡಿಗಳನ್ನು ಸ್ವಲ್ಪ ಸರಿಸಿದೊಡನೆ ಉತ್ತರ ಬದಲಾದರೆ ಅದನ್ನೂ ವರದಿ ಮಾಡಬೇಕು.

ಸೋಲಿನ ವಿಶ್ಲೇಷಣೆಯನ್ನು ಪ್ರತ್ಯೇಕವಾಗಿಯೇ ನಡೆಸಬೇಕು. ಗೆಲುವಿನ ಸೂತ್ರವನ್ನು ತಿರುಗಿಸಿ ಬರೆದರೆ ಸೋಲಿನ ಸೂತ್ರ ದೊರೆಯುವುದಿಲ್ಲ: ಕೊಳವೆಬಾವಿ ಕಡಿಮೆಯಿರುವುದು ಸಮಿತಿಯನ್ನು ಉಳಿಸಿರಬಹುದು, ಆದರೆ ಸಮಿತಿ ಮುರಿದ ಊರಿನಲ್ಲಿ ಕಾರಣ ಹಿಡುವಳಿಯ ಅಸಮಾನತೆಯೇ ಆಗಿರಬಹುದು. ಆದ್ದರಿಂದ ಫಲದ ಅಂಕಗಳನ್ನು 1ರಿಂದ ಕಳೆದು, ಹೊಸ ಕೋಷ್ಟಕದೊಂದಿಗೆ ಇಡೀ ಕ್ರಮವನ್ನು ಮತ್ತೊಮ್ಮೆ ನಡೆಸಿ, ಎರಡೂ ಉತ್ತರಗಳ ಪ್ರತಿ ದಾರಿಗೂ ಅದರಡಿ ಬರುವ ಊರುಗಳನ್ನು ಬರೆದಿಡಬೇಕು.