ಬಂದೂಕಿಗೆ ಸೇರಿಸಿದ್ದು, ಬಿಚ್ಚಿಟ್ಟಿದ್ದು

ನನ್ನ ಸೆಮಿ ಆಟೊಮ್ಯಾಟಿಕ್ ಶಾಟ್‌ಗನ್ ಮೊದಲ ಮೂರು ತಿಂಗಳು ಒಮ್ಮೆಯೂ ಕೈಕೊಡಲಿಲ್ಲ. ಕೈಕೊಡಲು ಶುರುವಾಗಿದ್ದು ನಾನು ಅದನ್ನು ಸುಧಾರಿಸಲು ಹೊರಟ ಮೇಲೆ.

ಬಂದೂಕಿನ ನಡುಭಾಗವಾದ ರಿಸೀವರ್ ಪಕ್ಕಕ್ಕೆ ಆರು ತೋಟಾ ಹಿಡಿಯುವ ಹೋಲ್ಡರ್ ಕೂರಿಸಿದೆ. ತೋಟಾ ತುಂಬುವ ಮ್ಯಾಗಜೀನ್ ಕೊಳವೆಗೆ, ಇನ್ನಷ್ಟು ತೋಟಾ ಹಿಡಿಯಲಿ ಅಂತ ಎಕ್ಸ್‌ಟೆನ್ಶನ್ ಹಾಕಿದೆ. ನಾನು ಆಡುವುದು ಸ್ಕೀಟ್, ಹಾರುವ ಬಿಲ್ಲೆಗಳನ್ನು ಹೊಡೆದು ಒಡೆಯುವ ಆಟ. ಅದರಲ್ಲಿ ಒಂದು ಸಲಕ್ಕೆ ತುಂಬುವುದೇ ಹೆಚ್ಚೆಂದರೆ ಎರಡು ತೋಟಾ! ಆದರೂ ನೋಡೋಕೆ ಚೆನ್ನಾಗಿತ್ತು, ಅದಕ್ಕೇ ಹಾಕಿದ್ದು.

ಮರುವಾರ 24 ಗ್ರಾಂ ತೋಟಾ (ಒಳಗಿರುವ ಸಣ್ಣ ಗುಂಡುಗಳ ತೂಕ ಅದು) ಹಾಕಿ ಹೊಡೆದರೆ, ಖಾಲಿ ಕೇಸು ಪೂರ್ತಿ ಹೊರಗೆ ಬರದೆ ರಿಸೀವರ್ ಪಕ್ಕದ ಕಿಂಡಿಯಲ್ಲೇ ಸಿಕ್ಕಿಕೊಂಡಿತು. ಹತ್ತರಲ್ಲಿ ಮೂರು ಸಲ ಹೀಗೇ ಆಯಿತು. ತೋಟಾ ಸರಿಯಿಲ್ಲ ಅಂತ ಬೈದುಕೊಂಡೆ. 28 ಗ್ರಾಂ ಹಾಕಿದಾಗ ತಕರಾರಿಲ್ಲದೆ ನಡೆಯಿತು. ಆಮೇಲೆ ಕಾರಣ ಹೊಳೆಯಿತು.

ನನ್ನದು ಇನರ್ಶಿಯಾ ಬಂದೂಕು. ಗುಂಡು ಹಾರಿದಾಗ ಇಡೀ ಬಂದೂಕು ಹಿಂದಕ್ಕೆ ಸರಿಯುತ್ತದೆ, ತೋಟಾದ ಹಿಂಬದಿ ಮುಚ್ಚುವ ಬೋಲ್ಟ್ ಮಾತ್ರ ಒಂದು ಕ್ಷಣ ಇದ್ದಲ್ಲೇ ನಿಲ್ಲುತ್ತದೆ. ನಡುವೆ ಇರುವ ಸ್ಪ್ರಿಂಗ್ ಅದುಮಿಕೊಂಡು, ಆಮೇಲೆ ಬೋಲ್ಟನ್ನು ಹಿಂದಕ್ಕೆ ಎಸೆಯುತ್ತದೆ, ಖಾಲಿ ಕೇಸು ಹೊರಬೀಳುವುದು ಆಗಲೇ. ಅಂದರೆ ಬಂದೂಕು ಸರಿದರೇ ಕೆಲಸ. ಭಾರ ಜಾಸ್ತಿಯಾದಷ್ಟೂ ಅದು ಕಡಿಮೆ ಸರಿಯುತ್ತದೆ, ಸ್ಪ್ರಿಂಗಿಗೆ ಸಾಕಷ್ಟು ಒತ್ತಡ ಸಿಗುವುದಿಲ್ಲ. ಹೋಲ್ಡರ್‌ನಲ್ಲಿದ್ದ ಆರು ತೋಟಾಗಳೇ 200 ಗ್ರಾಂ ದಾಟಿದ್ದವು. ಹೋಲ್ಡರ್, ಎಕ್ಸ್‌ಟೆನ್ಶನ್ ಎರಡನ್ನೂ ಬಿಚ್ಚಿದೆ, ಕೇಸುಗಳು ಮತ್ತೆ ಚಿಮ್ಮಿ ಬೀಳತೊಡಗಿದವು. ತೋಟಾ ಸಿಡಿದ ಗ್ಯಾಸಿನಿಂದ ಬೋಲ್ಟ್ ತಳ್ಳುವ ಗ್ಯಾಸ್ ಬಂದೂಕಿಗೆ ಭಾರದ ಈ ತೊಂದರೆ ಅಷ್ಟಾಗಿ ಇಲ್ಲ. ಅದರ ತಲೆನೋವು ಪಿಸ್ಟನ್‌ಗೆ ಅಂಟುವ ಮಸಿ. ಈಗ ತೋಟಾ ಇರುವುದು ಸೊಂಟದ ಚೀಲದಲ್ಲಿ. ಅಂದಹಾಗೆ, ಎಕ್ಸ್‌ಟೆನ್ಶನ್ ಬೇಕೇ ಬೇಕು ಅನ್ನುವವರು ಮೊದಲು ನಿಮ್ಮಲ್ಲಿನ ಕಾನೂನು ಎಷ್ಟು ತೋಟಾಕ್ಕೆ ಒಪ್ಪುತ್ತದೆ ಅಂತ ನೋಡಿಕೊಳ್ಳಿ.

ನಿಜವಾಗಿ ಸ್ಕೋರ್ ಏರಿಸಿದ್ದು ಬಂದೂಕಿನ ಜೊತೆಗೇ ಪೆಟ್ಟಿಗೆಯಲ್ಲಿ ಬಂದಿದ್ದ ತೆಳ್ಳನೆಯ ಪ್ಲಾಸ್ಟಿಕ್ ತುಂಡು. ಶಿಮ್ ಅನ್ನುತ್ತಾರೆ. ಹೆಗಲಿಗೆ ಒರಗುವ ಹಿಂಭಾಗವಾದ ಸ್ಟಾಕ್ ಮತ್ತು ರಿಸೀವರ್ ನಡುವೆ ಕೂರುತ್ತದೆ. ನಾನು ಅದನ್ನು ತೆರೆದೂ ನೋಡಿರಲಿಲ್ಲ.

ಇಂಥ ಶಾಟ್‌ಗನ್‌ಗೆ ಗುರಿ ನೋಡುವ ಹಿಂದಿನ ಸೈಟ್ ಇರುವುದಿಲ್ಲ, ನಮ್ಮ ಕಣ್ಣೇ ಆ ಸೈಟ್. ಕೆನ್ನೆ ಸ್ಟಾಕ್ ಮೇಲೆ ಎಲ್ಲಿ ಕೂರುತ್ತದೋ ಅದರ ಮೇಲೆ ಗುಂಡು ಹೋಗುವ ಜಾಗ ನಿಂತಿದೆ. 16 ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ, ನಡುವೆ ಒಂದು ಚುಕ್ಕೆ ಇಟ್ಟೆ. ಬಂದೂಕನ್ನು ಹೆಗಲಿಗೆ ತಂದ ತಕ್ಷಣ, ಗುರಿ ತಿದ್ದಲು ಹೋಗದೆ ಹೊಡೆದೆ. ಹೀಗೆ ಐದು ಸಲ. ಎಲ್ಲವೂ ಸೇರಿ ಚುಕ್ಕೆಗಿಂತ ಎರಡು ಇಂಚು ಎಡಕ್ಕೆ ಬಿದ್ದಿದ್ದವು. ಈ ದೂರದಲ್ಲಿ ಒಂದು ಇಂಚು ತಪ್ಪಿದರೆ ಕೆನ್ನೆಯ ಜಾಗದಲ್ಲಿ 1/16 ಇಂಚು ಬದಲಿಸಬೇಕು ಅನ್ನುವುದು ಹಳೇ ಲೆಕ್ಕ. ನನಗೆ ಬೇಕಿದ್ದದ್ದು 1/8 ಇಂಚು, ಸುಮಾರು 3 ಮಿಲಿಮೀಟರ್. ನಾನು ಬಲಗೈಯವನು, ಹಾಗಾಗಿ ಸ್ಟಾಕ್ ಬಲಕ್ಕೆ ವಾಲುವ ಶಿಮ್ ಹಾಕಿದೆ. ಒಂದಕ್ಕೆ ಸಾಲಲಿಲ್ಲ, ಇನ್ನೊಂದು ಅಳತೆಯದನ್ನು ಹಾಕಿದ ಮೇಲೆ ನಡುವಿಗೆ ಬಂತು. ಸ್ಕೀಟ್‌ನಲ್ಲಿ ನಿಂತು ಹೊಡೆಯುವ ನಾಲ್ಕನೇ ಜಾಗದಲ್ಲಿ, ಅಂದರೆ ನಾಲ್ಕನೇ ಸ್ಟೇಷನ್‌ನಲ್ಲಿ, ಯಾವಾಗಲೂ ತಪ್ಪಿಹೋಗುತ್ತಿದ್ದ ಬಿಲ್ಲೆಗಳು ಒಡೆಯತೊಡಗಿದವು. ಖರ್ಚು ಸೊನ್ನೆ.

ಚೋಕ್ ವಿಷಯದಲ್ಲೂ ಎಡವಿದೆ. ಗುಂಡುಗಳು ಎಷ್ಟು ಹರಡಬೇಕು ಅನ್ನುವುದನ್ನು ನಿರ್ಧರಿಸುವ, ಬ್ಯಾರೆಲ್ ತುದಿಗೆ ತಿರುಗಿಸಿ ಕೂರಿಸುವ ಕೊಳವೆ ಅದು. 'ಫುಲ್' ಅಂದರೆ ಜೋರು ಅಂದುಕೊಂಡು ಅದನ್ನೇ ತಂದೆ. 40 ಗಜದಲ್ಲಿ 30 ಇಂಚಿನ ವೃತ್ತದೊಳಗೆ ಸುಮಾರು 70 ಶೇಕಡಾ ಗುಂಡು ಬೀಳಿಸುವ ಚೋಕ್ ಅದು. ಸ್ಕೀಟ್ ಬಿಲ್ಲೆ ಒಡೆಯುವುದು ಅದರ ಅರ್ಧ ದೂರದಲ್ಲಿ. ಅಲ್ಲಿ ಗುಂಡುಗಳು ಇನ್ನೂ ಹರಡಿಯೇ ಇರುವುದಿಲ್ಲ. ತಾಗಿದರೆ ಪುಡಿ ಪುಡಿ, ಸ್ವಲ್ಪ ತಪ್ಪಿದರೆ ಏನೂ ಇಲ್ಲ. ಈಗ ಹಾಕಿರುವುದು ಗುಂಡುಗಳನ್ನು ಬೇಗ ಹರಡಲು ಬಿಡುವ ಸ್ಕೀಟ್ ಚೋಕ್. ಹೊರಗೆ ಚಾಚಿಕೊಂಡಿರುವ ತರಹದ್ದು ತಗೊಂಡಿದ್ದು ಒಳ್ಳೆಯದಾಯಿತು: ಬಂದೂಕು ಖಾಲಿ ಮಾಡಿ, ಸಡಿಲವಾಗಿದೆಯಾ ಅಂತ ಬೆರಳಲ್ಲೇ ನೋಡಬಹುದು. ಚೋಕ್ ಇಲ್ಲದೆ ಮಾತ್ರ ಹೊಡೆಯಬೇಡಿ, ಬ್ಯಾರೆಲ್ ತುದಿಯೊಳಗಿನ ತಿರುಪಿನ ಮರೆ (ಥ್ರೆಡ್) ಹಾಳಾಗುತ್ತದೆ.

ಹೆಗಲು ನೋವು ಅಂತ ದಪ್ಪ ರಬ್ಬರ್ ಪ್ಯಾಡ್ ಸಿಕ್ಕಿಸಿದ್ದೆ. ಸ್ಟಾಕ್ ಒಂದು ಇಂಚು ಉದ್ದವಾಗಿ ಕಂಕುಳಿಗೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ತೆಗೆದು, ಕಂಪನಿ ಪ್ಯಾಡಿನಷ್ಟೇ ದಪ್ಪದ ಮೆತ್ತನೆಯದು ಹಾಕಿಸಿದೆ. ಬ್ಯಾರೆಲ್ ತುದಿಯ ಮೇಲೆ ಹಾಕಿದ್ದ ಹೊಳೆಯುವ ಹಸಿರು ಬೀಡ್ (ಗುರಿಮಣಿ) ಕೂಡ ಹೋಯಿತು. ಕಣ್ಣು ಬಿಲ್ಲೆ ಬಿಟ್ಟು ಅದನ್ನೇ ನೋಡುತ್ತಿತ್ತು. ಉಳಿದವರಿಗೆ ಇಷ್ಟ ಆಗಬಹುದೇನೋ, ನನಗಂತೂ ಬೇಡ.

ದೊಡ್ಡ ಬೋಲ್ಟ್ ಹಿಡಿ ಮಾತ್ರ ಉಳಿಸಿಕೊಂಡಿದ್ದೇನೆ. ಬೆವರಿದ ಕೈಗೆ, ಕೈಗವಸಿಗೆ ಅದು ನಿಜವಾಗಿ ಉಪಯೋಗ.

ಈಗ ಟ್ರಿಗರ್ ಸ್ವಲ್ಪ ಹಗುರ ಇದ್ದಿದ್ದರೆ ಅನ್ನಿಸುತ್ತಿದೆ. ಅದಕ್ಕೆ ನಾನು ಕೈ ಹಾಕುವುದಿಲ್ಲ. ಮುಂದಿನ ತಿಂಗಳು ಗನ್‌ಸ್ಮಿತ್ ಹತ್ತಿರ ಒಯ್ಯುತ್ತೇನೆ, ಬೇಡ ಅಂದರೆ ಇದ್ದ ಹಾಗೇ ವಾಪಸ್ ತರುತ್ತೇನೆ.