ಎಂಟು ಕೊಲೆಗಳ ಆರೋಪಿಗೆ ವಕಾಲತ್ತು: ನನ್ನ ಅನುಭವ

ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಆ ಪ್ರಕರಣ ನನಗೆ ಬರುವ ಹೊತ್ತಿಗೆ ಲೆಕ್ಕ ಊರಿಗೆಲ್ಲ ಬಾಯಿಪಾಠವಾಗಿತ್ತು: ಎಂಟು. ಪತ್ರಿಕಾಗೋಷ್ಠಿಯಲ್ಲಿ ಪೊಲೀಸರು ಎಂಟು ಮಹಿಳೆಯರ ಕೊಲೆ ಎಂದಿದ್ದರು. ಅಂದಿನಿಂದ ಸುದ್ದಿವಾಹಿನಿಗಳು, ಚಹಾ ಅಂಗಡಿಗಳು, ವಾಟ್ಸ್‌ಆ್ಯಪ್ ಗುಂಪುಗಳು ಎಲ್ಲವೂ ಅದೇ ಅಂಕಿಯನ್ನು ಹೇಳುತ್ತಿದ್ದವು. ದೋಷಾರೋಪ ಪಟ್ಟಿ ಸಲ್ಲಿಕೆಯಾದದ್ದು ಮಾತ್ರ ನಾಲ್ಕು ಪ್ರಕರಣಗಳಲ್ಲಿ. ಉಳಿದ ನಾಲ್ವರು ಕಾಣೆಯಾದವರ ಪಟ್ಟಿಯಲ್ಲಿದ್ದರು. ಅವರು ಸತ್ತಿದ್ದಾರೆ ಎನ್ನುವುದಕ್ಕೇ ಪುರಾವೆ ಇರಲಿಲ್ಲ. ಊರಿನ ಹೆಸರು, ಆರೋಪಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಹೆಣ್ಣುಮಕ್ಕಳ ಮನೆಯವರು ಇನ್ನೂ ಅಲ್ಲಿಯೇ ಬದುಕುತ್ತಿದ್ದಾರೆ.

ನಮ್ಮ ವಕೀಲರ ಸಂಘದಲ್ಲಿ ಲಿಖಿತ ನಿರ್ಣಯವೇನೂ ಆಗಿರಲಿಲ್ಲ. 'ಅವನಿಗೆ ಯಾರೂ ವಕಾಲತ್ತು ಹಾಕಬೇಡಿ' ಎಂಬ ಮಾತು ಬಾಯಿಂದ ಬಾಯಿಗೆ ಹಬ್ಬಿತ್ತು, ಅಷ್ಟೇ. ಇಂಥ ಬಹಿಷ್ಕಾರ ಕಾನೂನಿಗೂ ವೃತ್ತಿಧರ್ಮಕ್ಕೂ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ಎ.ಎಸ್. ಮೊಹಮ್ಮದ್ ರಫಿ ಪ್ರಕರಣದಲ್ಲಿ ಖಂಡಿತವಾಗಿ ಹೇಳಿದೆ. ಆದರೂ ಹಿರಿಯ ವಕೀಲರೊಬ್ಬರು ಗ್ರಂಥಾಲಯದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ನೋಡಮ್ಮ, ನಿನಗೂ ಹೆಣ್ಣುಮಕ್ಕಳಿದ್ದಾರೆ" ಎಂದರು. "ಅದಕ್ಕೇ ಸರ್, ಸರಿಯಾಗಿ ನಡೆಸಬೇಕು" ಎಂದೆ. ಆ ಉತ್ತರವನ್ನು ಈಗಲೂ ಮನಸಾರೆ ಕೊಡುತ್ತೇನೆ. 2019ರ ಅನೋಖಿಲಾಲ್ ಪ್ರಕರಣದ ತೀರ್ಪನ್ನು ಓದಿದವರಿಗೆ ಇದು ಅರ್ಥವಾಗುತ್ತದೆ. ದೋಷಾರೋಪಣೆಯ ದಿನವೇ ವಕೀಲರನ್ನು ನೇಮಿಸಿ, ಎರಡು ವಾರದೊಳಗೆ ವಿಚಾರಣೆ ಮುಗಿಸಿ ಕೊಟ್ಟ ಮರಣದಂಡನೆಯನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿ, ಹೊಸದಾಗಿ ವಿಚಾರಣೆ ನಡೆಸಲು ಹೇಳಿತು. ಜೀವಾವಧಿ ಅಥವಾ ಮರಣದಂಡನೆಯ ಸಾಧ್ಯತೆಯಿರುವ ಪ್ರಕರಣಗಳಿಗೆ ಕನಿಷ್ಠ 10 ವರ್ಷ ಅನುಭವವಿರುವ ವಕೀಲರನ್ನೇ ಕೊಡಬೇಕು, ಸಿದ್ಧತೆಗೆ ಸಾಮಾನ್ಯವಾಗಿ ಕನಿಷ್ಠ 7 ದಿನ ಕೊಡಬೇಕು ಎಂದೂ ಹೇಳಿತು. ಅವಸರದಲ್ಲಿ ಕೊಟ್ಟ ಶಿಕ್ಷೆಯ ಭಾರ ಕೊನೆಗೆ ಬೀಳುವುದು ಸತ್ತವರ ಮನೆಯವರ ಮೇಲೆ. ಅದೇ ಸಾಕ್ಷಿಕಟ್ಟೆಯನ್ನು ಅವರು ಮತ್ತೆ ಹತ್ತಬೇಕಾಗುತ್ತದೆ.

ನಾನು ಮೊದಲು ಗಟ್ಟಿ ಮಾಡಿಕೊಂಡದ್ದು ಒಂದೇ ವಿಷಯ. ಹೊರಗೆ ಎಷ್ಟೇ ಕೂಡಿಸಲಿ, ನ್ಯಾಯಾಲಯದೊಳಗೆ ಪ್ರತಿ ಸಾವೂ ಬೇರೆಯಾಗಿಯೇ ಉಳಿಯಬೇಕು. ಕಾನೂನು ಇದನ್ನೇ ಬಯಸುತ್ತದೆ. ಆಗ ಜಾರಿಯಲ್ಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ 219ನೇ ಕಲಂ ಪ್ರಕಾರ, ಹನ್ನೆರಡು ತಿಂಗಳೊಳಗೆ ನಡೆದ ಒಂದೇ ಬಗೆಯ ಅಪರಾಧಗಳನ್ನು ಒಟ್ಟಿಗೆ ವಿಚಾರಿಸಬಹುದಾದರೂ ಮೂರಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ಅದರ ಜಾಗಕ್ಕೆ ಬಂದಿರುವ ಈಗಿನ ನಾಗರಿಕ ಸುರಕ್ಷಾ ಸಂಹಿತೆ ಈ ಮಿತಿಯನ್ನು ಐದಕ್ಕೆ ಏರಿಸಿದೆ. ಮಂಗಳೂರಿನ ಮೋಹನ್ ಕುಮಾರ್ ಪ್ರಕರಣವನ್ನು ನೆನಪಿಸಿಕೊಳ್ಳಿ. 2009ರಲ್ಲಿ ಬಂಧನವಾಯಿತು. 20 ಮಹಿಳೆಯರ ಕೊಲೆಯ ಆರೋಪ ಹೊತ್ತವನ ವಿರುದ್ಧದ ತೀರ್ಪುಗಳು 2013ರ ಡಿಸೆಂಬರ್‌ನಿಂದ 2020ರ ಜೂನ್‌ವರೆಗೆ ಒಂದಾದ ಮೇಲೊಂದರಂತೆ ಬಂದವು. 'ಇಷ್ಟು ವರ್ಷ ಏಕೆ?' ಎಂದು ಜನ ಕೇಳುತ್ತಿದ್ದರು. ಪ್ರತಿ ಹೆಣ್ಣುಮಗಳ ಸಾವಿಗೂ ಅದರದ್ದೇ ಸಾಕ್ಷಿಗಳಿದ್ದಾರೆ, ಅದರದ್ದೇ ದಾಖಲೆಗಳಿವೆ. ಅವಳನ್ನು ಕೊನೆಯದಾಗಿ ಕಂಡವರು ಬೇರೆ, ಅವಳ ಒಡವೆಯನ್ನು ಗುರುತಿಸಬೇಕಾದವರು ಬೇರೆ.

ಹಾಗಾಗಿ ನನ್ನ ಕಡತಗಳ ಮೇಲೆ ಕ್ರೈಂ ನಂಬರಿನ ಜೊತೆಗೆ ಸತ್ತವಳ ಹೆಸರನ್ನೂ ದೊಡ್ಡದಾಗಿ ಬರೆದೆ. ಪ್ರತಿ ಪ್ರಕರಣಕ್ಕೂ ಪ್ರತ್ಯೇಕ ನೋಟ್‌ಪುಸ್ತಕ. ಒಂದರ ಸಾಕ್ಷಿಯ ಬಗ್ಗೆ ಇನ್ನೊಂದರಲ್ಲಿ ಒಂದು ಅಕ್ಷರವನ್ನೂ ಬರೆಯುತ್ತಿರಲಿಲ್ಲ. ಹೀಗೆ ವಿಂಗಡಿಸಿ ಕುಳಿತಾಗ ಮೊದಲು ಕಣ್ಣಿಗೆ ಬಿದ್ದದ್ದು ಆರೋಪಿಯ 'ಸ್ವಇಚ್ಛಾ ಹೇಳಿಕೆ'. ಎಂಟೂ ಕೊಲೆಗಳನ್ನು ಒಪ್ಪಿಕೊಂಡಂತೆ ಬರೆದ ಒಂದೇ ಉದ್ದನೆಯ ಹೇಳಿಕೆ. ಅದರ ನೆರಳಚ್ಚು ಪ್ರತಿಯನ್ನು ನಾಲ್ಕೂ ಕಡತಗಳಲ್ಲಿ ಇಟ್ಟಿದ್ದರು. ಪೊಲೀಸರ ಮುಂದೆ ಒಪ್ಪಿಕೊಂಡದ್ದು ಸಾಕ್ಷ್ಯವಲ್ಲ. ಆ ಹೇಳಿಕೆಯಿಂದ ಹೊಸದಾಗಿ ಏನಾದರೂ ಪತ್ತೆಯಾದರೆ, ಆಗ ಜಾರಿಯಲ್ಲಿದ್ದ ಸಾಕ್ಷ್ಯ ಅಧಿನಿಯಮದ 27ನೇ ಕಲಂ ಪ್ರಕಾರ ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಸಾಲುಗಳು ಮಾತ್ರ ಒಳಗೆ ಬರುತ್ತವೆ. ತನಿಖಾಧಿಕಾರಿಯ ಮುಖ್ಯ ವಿಚಾರಣೆ ನಡೆಯುವಾಗ ಇಡೀ ಹೇಳಿಕೆಯನ್ನು ದಾಖಲೆಯಾಗಿ ಗುರುತಿಸಲು ಹೊರಟರು. ನಾನು ಎದ್ದು ನಿಂತೆ. "ಸ್ವಾಮಿ, ಈ ಪ್ರಕರಣಕ್ಕೆ ಬೇಕಾದದ್ದು ಹದಿನಾಲ್ಕನೇ ಸಾಲಿನಿಂದ ಹದಿನೇಳನೇ ಸಾಲಿನವರೆಗೆ ಮಾತ್ರ." ನ್ಯಾಯಾಧೀಶರು ಓದಿ ನೋಡಿ ಒಪ್ಪಿದರು. ನಾಲ್ಕೂ ಪ್ರಕರಣಗಳಲ್ಲಿ ಇದೇ ಆಕ್ಷೇಪಣೆಯನ್ನು ಎತ್ತಿದೆ. ಕೇಳುವವರಿಗೆ ಬೇಸರದ ಕೆಲಸ. ಆದರೆ ಉಳಿದ ಏಳು ಹೆಸರುಗಳು ಒಂದು ಕಡತದೊಳಗೆ ನುಸುಳದಂತೆ ತಡೆಯುವುದು ಇಲ್ಲಿಯೇ.

ಸರ್ಕಾರಿ ಅಭಿಯೋಜಕರು ಸಮರ್ಥರಾಗಿದ್ದರು. ಅವರು ಹಿಡಿದದ್ದು ಅದೇ ಸಾಕ್ಷ್ಯ ಅಧಿನಿಯಮದ 15ನೇ ಕಲಂ ಅನ್ನು. ಒಂದು ಕೃತ್ಯ ಆಕಸ್ಮಿಕವೋ ಉದ್ದೇಶಪೂರ್ವಕವೋ ಎಂಬ ಪ್ರಶ್ನೆ ಎದ್ದಾಗ, ಅದೇ ವ್ಯಕ್ತಿ ಭಾಗಿಯಾದ ಅಂಥದ್ದೇ ಘಟನೆಗಳ ಸರಣಿಯನ್ನು ನೋಡಬಹುದು ಎನ್ನುತ್ತದೆ ಅದು. ಕಾನೂನೇ ಕೊಡುವ ದೃಷ್ಟಾಂತ ಸೊಗಸಾಗಿದೆ: ಒಬ್ಬ ಮನೆಗೆ ವಿಮೆ ಮಾಡಿಸುತ್ತಾನೆ, ಆ ಮನೆಗೆ ಬೆಂಕಿ ಬೀಳುತ್ತದೆ. ಇನ್ನೊಂದು ಮನೆಗೆ ಹೋಗುತ್ತಾನೆ, ಅದಕ್ಕೂ ವಿಮೆ, ಅಲ್ಲೂ ಬೆಂಕಿ. ಆಗ ಬೆಂಕಿ ಆಕಸ್ಮಿಕವಲ್ಲ ಎನ್ನಲು ಹಿಂದಿನವು ನೆರವಾಗುತ್ತವೆ. ನನ್ನ ವಾದ ಇಷ್ಟೇ: ಆ ಮನೆಗಳಲ್ಲಿ ಇದ್ದವನು ಅವನೇ ಎಂಬುದು ದೃಷ್ಟಾಂತದಲ್ಲಿ ಮೊದಲೇ ಸ್ಥಾಪಿತವಾಗಿದೆ. ಇಲ್ಲಿ ಸ್ಥಾಪಿಸಬೇಕಾಗಿರುವುದೇ ಅದು. ಕೃತ್ಯ ಯಾರದು ಎಂಬುದನ್ನು ಸಾಬೀತುಪಡಿಸಲು ಸರಣಿಯನ್ನು ತರುವುದು, ಸರಣಿ ಇದೆ ಎನ್ನಲು ಅದೇ ಕೃತ್ಯಗಳನ್ನು ತೋರಿಸುವುದು, ಇದು ಸುತ್ತಿ ಸುತ್ತಿ ಅಲ್ಲಿಗೇ ಬರುವ ತರ್ಕ. ನ್ಯಾಯಾಲಯ ಈ ವಾದವನ್ನು ಪೂರ್ತಿ ಒಪ್ಪಲಿಲ್ಲ, ಪೂರ್ತಿ ತಳ್ಳಿಹಾಕಲೂ ಇಲ್ಲ. ಪ್ರತಿ ಪ್ರಕರಣವನ್ನೂ ಅದರದ್ದೇ ಸಾಕ್ಷ್ಯದ ಮೇಲೆ ತೀರ್ಮಾನಿಸುವುದಾಗಿ ಹೇಳಿತು. ನನಗೆ ಬೇಕಾಗಿದ್ದದ್ದೂ ಅದೇ.

ಎರಡನೇ ಪ್ರಕರಣ ನಿಂತಿದ್ದದ್ದು ಒಂದು ಜೊತೆ ಜುಮುಕಿಯ ಮೇಲೆ. ಆರೋಪಿಯ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ಕಲ್ಲಿನ ಕೆಳಗಿನಿಂದ ಅವನೇ ತೆಗೆದುಕೊಟ್ಟ ಎಂದು ಪಂಚನಾಮೆ ಹೇಳುತ್ತಿತ್ತು. ಸಮಯ ಬೆಳಗ್ಗೆ 10ರಿಂದ 11.30. ಪಂಚರಲ್ಲಿ ಒಬ್ಬರು ಸರ್ಕಾರಿ ಕಚೇರಿಯೊಂದರ ಅಟೆಂಡರ್, ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಪಾಟಿ ಸವಾಲಿನಲ್ಲಿ ಕೇಳಿದೆ:

"ಕಲ್ಲನ್ನು ಎತ್ತಿದವರು ಯಾರು?"

"ಅವನೇ ಎತ್ತಿದ."

"ಕೆಳಗೆ ಮಣ್ಣು ಹೇಗಿತ್ತು? ಗಟ್ಟಿಯಾಗಿತ್ತೇ?"

"ಇಲ್ಲಮ್ಮ, ಸಡಿಲವಾಗಿತ್ತು. ಆಗಲೇ ಕೆದಕಿದ ಹಾಗಿತ್ತು."

ಅಷ್ಟಕ್ಕೇ ಕುಳಿತೆ. ಒಂದು ಪ್ರಶ್ನೆ ಹೆಚ್ಚಾದರೆ ಸಾಕ್ಷಿ ತನ್ನ ಮಾತನ್ನು ತಿದ್ದಿಕೊಳ್ಳುತ್ತಾನೆ. ಕಿರಿಯ ವಕೀಲರಿಗೆ ನಾನು ಹೇಳುವುದರಲ್ಲಿ ಇದು ಮುಖ್ಯವಾದದ್ದು.

ಉಳಿದದ್ದನ್ನು ಸುದ್ದಿವಾಹಿನಿಯೊಂದು ನನಗಾಗಿ ಮಾಡಿಟ್ಟಿತ್ತು. ಪಂಚನಾಮೆಯ ಹಿಂದಿನ ಸಂಜೆಯೇ 'ಹಂತಕನ ಕೊಟ್ಟಿಗೆಯಲ್ಲಿ ಸಿಕ್ಕಿದ್ದೇನು?' ಎಂಬ ಕಾರ್ಯಕ್ರಮ ಪ್ರಸಾರವಾಗಿತ್ತು. ಅದರಲ್ಲಿ ಅದೇ ಕೊಟ್ಟಿಗೆ, ಪಾರದರ್ಶಕ ಕವರಿನಲ್ಲಿ ಅದೇ ಜುಮುಕಿ. ದಂಡ ಪ್ರಕ್ರಿಯಾ ಸಂಹಿತೆಯ 91ನೇ ಕಲಂ ಅಡಿ ಅರ್ಜಿ ಹಾಕಿ ಆ ದೃಶ್ಯವನ್ನು ತರಿಸಿದೆ. ವಿದ್ಯುನ್ಮಾನ ಪ್ರತಿಯನ್ನು ದೃಢೀಕರಿಸುವ, ಸಾಕ್ಷ್ಯ ಅಧಿನಿಯಮದ 65-ಬಿ ಪ್ರಮಾಣಪತ್ರಕ್ಕಾಗಿ ವಾಹಿನಿಯ ಕಚೇರಿಗೆ ಅಲೆದೆ. ಅದಿಲ್ಲದಿದ್ದರೆ ವಿದ್ಯುನ್ಮಾನ ದಾಖಲೆಗೆ ಬೆಲೆಯಿಲ್ಲ. ನ್ಯಾಯಾಲಯದ ಪರದೆಯ ಮೇಲೆ ಆ ತುಣುಕು ಓಡಿದಾಗ ತನಿಖಾಧಿಕಾರಿ "ದಿನಾಂಕ ತಪ್ಪಾಗಿರಬಹುದು" ಎಂದರು. ಪ್ರಸಾರದ ದಾಖಲೆಯಲ್ಲಿ ದಿನಾಂಕ ಸ್ಪಷ್ಟವಾಗಿತ್ತು. ಮೊದಲೇ ಸಿಕ್ಕಿದ್ದ ವಸ್ತುವನ್ನು ಮರುದಿನ ಆರೋಪಿಯ ಕೈಯಿಂದ ಮತ್ತೆ 'ಪತ್ತೆ' ಮಾಡಿಸಿದರೆ 27ನೇ ಕಲಂ ಅಲ್ಲಿಗೆ ಮುಗಿಯುತ್ತದೆ. ಗುರುತು ಪತ್ತೆ ಪೆರೇಡಿನ ಗತಿಯೂ ಹೀಗೆಯೇ ಆಯಿತು. ಬಸ್ ನಿಲ್ದಾಣದಲ್ಲಿ ಅವನನ್ನು ಆ ಮಹಿಳೆಯ ಜೊತೆ ಕಂಡೆ ಎನ್ನುವ ಸಾಕ್ಷಿ, ಪೆರೇಡಿಗೆ ಮುಂಚೆ ಅವನ ಮುಖವನ್ನು ಎಲ್ಲ ಪತ್ರಿಕೆಗಳಲ್ಲೂ ನೋಡಿದ್ದರು. ಪ್ರಾಮಾಣಿಕವಾಗಿ ಅದನ್ನು ಒಪ್ಪಿಕೊಂಡರು.

ಇದನ್ನು ಗೆಲುವು ಎಂದು ಬರೆಯುತ್ತಿಲ್ಲ. ನನಗೆ ಸಿಟ್ಟಿದೆ. ಪ್ರಚಾರದ ಆತುರದಲ್ಲಿ ಒಂದು ಗಟ್ಟಿ ಸಾಕ್ಷ್ಯವನ್ನು ಹಾಳುಮಾಡಿದವರು ಆರೋಪಿಗೆ ಉಪಕಾರ ಮಾಡಿದರು, ಅಥವಾ ನಿರಪರಾಧಿಯೊಬ್ಬನ ಮೇಲೆ ಸಾಕ್ಷ್ಯ ಕಟ್ಟಿದರು. ಎರಡರಲ್ಲಿ ಯಾವುದು ನಿಜವಾದರೂ ಸತ್ತವಳಿಗೆ ಅನ್ಯಾಯವೇ. ನೋಯ್ಡಾದ ನಿಠಾರಿಯಲ್ಲಿ 2006ರ ಡಿಸೆಂಬರ್‌ನಲ್ಲಿ ಚರಂಡಿಯಿಂದ ಮಕ್ಕಳ ಮೂಳೆಗಳನ್ನು ತೆಗೆದಾಗ ಇಡೀ ದೇಶ ಅಪರಾಧಿ ಯಾರೆಂದು ತೀರ್ಮಾನಿಸಿ ಆಗಿತ್ತು. ಅಲ್ಲಿನ ಮನೆಯೊಂದರ ಕೆಲಸದಾಳು, ಆರೋಪಿ ಸುರೇಂದ್ರ ಕೋಲಿಯನ್ನು 2014ರಲ್ಲಿ ಇನ್ನೇನು ಗಲ್ಲಿಗೇರಿಸಬೇಕು ಎನ್ನುವಾಗ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2023ರ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟ್ 12 ಪ್ರಕರಣಗಳಲ್ಲಿ ಅವನನ್ನು ಖುಲಾಸೆ ಮಾಡಿತು. ಸುಮಾರು 60 ದಿನ ಪೊಲೀಸ್ ವಶದಲ್ಲಿಟ್ಟ ಮೇಲೆ ಪಡೆದ ತಪ್ಪೊಪ್ಪಿಗೆಯನ್ನು ನಂಬಲಿಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ಮೊದಲು ಆ ಖುಲಾಸೆಯನ್ನು ಎತ್ತಿಹಿಡಿಯಿತು, ನವೆಂಬರ್‌ನಲ್ಲಿ ಉಳಿದಿದ್ದ ಕೊನೆಯ ಪ್ರಕರಣದಿಂದಲೂ ಅವನನ್ನು ಬಿಡುಗಡೆ ಮಾಡಿತು. ಆ ಮಕ್ಕಳನ್ನು ಕೊಂದವರು ಯಾರು? ಸುಮಾರು ಎರಡು ದಶಕ ಕಳೆದರೂ ನ್ಯಾಯಾಲಯದ ದಾಖಲೆಯಲ್ಲಿ ಉತ್ತರವಿಲ್ಲ.

ಆರೋಪಿ ನನಗೆ ಏನು ಹೇಳಿದ ಎಂದು ಇಂದಿಗೂ ಕೇಳುವವರಿದ್ದಾರೆ. ವಕೀಲರಿಗೆ ಕಕ್ಷಿದಾರ ಹೇಳಿದ್ದು ವಕೀಲರ ಜೊತೆಯಲ್ಲಿಯೇ ಇರಬೇಕು. ಅವನ ಒಪ್ಪಿಗೆಯಿಲ್ಲದೆ ಅದನ್ನು ಹೊರಗೆಡಹುವಂತಿಲ್ಲ, ನಾನು ಹೊರಗೆಡಹುವುದೂ ಇಲ್ಲ. ಅವನ ಬಾಲ್ಯ, ಶಾಲೆ, ಮನೆಯ ಸ್ಥಿತಿ, ಜೈಲಿನಲ್ಲಿನ ನಡತೆ ಇವನ್ನು ಮಾತ್ರ ತಾಳ್ಮೆಯಿಂದ ಕಲೆಹಾಕಿದೆ. ಶಿಕ್ಷೆಯ ಪ್ರಮಾಣದ ವಾದಕ್ಕೆ ಅವು ಬೇಕು. ಮರಣದಂಡನೆ ಕೇಳುವ ಪ್ರಕರಣಗಳಲ್ಲಿ ಇಂಥ ಮಾಹಿತಿಯನ್ನು ವಿಚಾರಣಾ ಹಂತದಲ್ಲಿಯೇ ತರಿಸಿಕೊಳ್ಳಬೇಕೆಂದು 2022ರ ಮನೋಜ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವನ ಅಕ್ಕನನ್ನು ಹುಡುಕಿಕೊಂಡು ಹೋದಾಗ ಆಕೆ ಬಾಗಿಲು ಅರ್ಧ ತೆರೆದು, "ಅವನ ಹೆಸರು ಹೇಳಿಕೊಂಡು ಬಂದವರಿಗೆ ಈ ಮನೆಯಲ್ಲಿ ನೀರೂ ಇಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಅವರೇ ಕರೆದು ಕೂರಿಸಿ ಎಲ್ಲವನ್ನೂ ಹೇಳಿದರು.

ಎರಡು ಪ್ರಕರಣಗಳಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅಲ್ಲಿನ ಸಾಕ್ಷ್ಯ ಗಟ್ಟಿಯಾಗಿತ್ತು, ಸರಪಳಿಯ ಕೊಂಡಿ ತಪ್ಪಿರಲಿಲ್ಲ. ಎರಡರಲ್ಲಿ ಖುಲಾಸೆ. ಮರುದಿನ ಪತ್ರಿಕೆಯೊಂದರ ತಲೆಬರಹದಲ್ಲಿ ಆಗಲೂ 'ಎಂಟು ಕೊಲೆಗಳ ಹಂತಕ' ಎಂದೇ ಇತ್ತು.

ಜುಮುಕಿಯ ಪ್ರಕರಣದ ತೀರ್ಪಿನ ದಿನ ಆ ಹುಡುಗಿಯ ತಾಯಿ ಮೆಟ್ಟಿಲ ಬಳಿ ನನ್ನನ್ನು ತಡೆದರು. ಬೈಯುತ್ತಾರೆ ಎಂದುಕೊಂಡೆ. "ಲಾಯರಮ್ಮ, ಇವನಲ್ಲ ಅಂದರೆ ನನ್ನ ಮಗಳನ್ನು ಕೊಂದವರು ಯಾರು?" ಎಂದು ಕೇಳಿದರು. ಖುಲಾಸೆಯ ವಿರುದ್ಧ ನೊಂದವರೇ ಮೇಲ್ಮನವಿ ಹೋಗಲು ದಂಡ ಪ್ರಕ್ರಿಯಾ ಸಂಹಿತೆಯ 372ನೇ ಕಲಂನಲ್ಲಿ 2009ರಿಂದ ಅವಕಾಶವಿತ್ತು. ಅವನ ವಕೀಲೆಯಾಗಿ ಆ ಸಲಹೆಯನ್ನು ನಾನು ಕೊಡುವಂತಿರಲಿಲ್ಲ. "ಅಮ್ಮ, ಆ ಕಟ್ಟಡದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇದೆ. ನಿಮಗೂ ಒಬ್ಬ ವಕೀಲರನ್ನು ಉಚಿತವಾಗಿ ಕೊಡುತ್ತಾರೆ, ಪರಿಹಾರಕ್ಕೂ ಅರ್ಜಿ ತೆಗೆದುಕೊಳ್ಳುತ್ತಾರೆ" ಎಂದು ತೋರಿಸಿದೆ. ಅವರು ಹೋದರು. ಪೊಲೀಸರು ಮಾತ್ರ ಆ ಸಾವಿನ ಬಗ್ಗೆ ಮುಂದೆ ಯಾರನ್ನೂ ಹುಡುಕಲಿಲ್ಲ. ಎಂಟರ ಲೆಕ್ಕದಲ್ಲಿ ಅವಳು ಸೇರಿಹೋಗಿದ್ದಳು. ಕಾಣೆಯಾಗಿದ್ದ ನಾಲ್ವರ ಹುಡುಕಾಟವೂ ಪತ್ರಿಕಾಗೋಷ್ಠಿಯ ದಿನವೇ ನಿಂತಿತ್ತು.

ತನಿಖೆಯ ಹಂತದಲ್ಲಿ ಪೊಲೀಸರು ಮಾಧ್ಯಮಗಳ ಮುಂದೆ ಏನು ಹೇಳಬಹುದು, ಏನು ಹೇಳಬಾರದು ಎಂಬುದಕ್ಕೆ ಕೈಪಿಡಿ ಸಿದ್ಧಪಡಿಸಿ ಎಂದು ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯಕ್ಕೆ ಸೂಚಿಸಿತು. ಸಾಬೀತಾಗದ ಸಂಖ್ಯೆಯನ್ನು ಘೋಷಿಸಬಾರದು ಎಂಬ ಒಂದೇ ನಿಯಮವನ್ನು ಪಾಲಿಸಿದರೂ ಬಹಳಷ್ಟು ಸರಿಯಾಗುತ್ತದೆ ಎಂದು ನನ್ನ ಖಚಿತ ಅಭಿಪ್ರಾಯ.

ಈಗ ಇಂಥ ಪ್ರಕರಣ ಬಂದರೆ ವಕಾಲತ್ತು ಸಲ್ಲಿಸಿದ ದಿನವೇ ಅರ್ಜಿಗಳನ್ನು ಹಾಕುತ್ತೇನೆ. ಠಾಣೆಯ ಸಿಸಿಟಿವಿ ದೃಶ್ಯವನ್ನು ಕಾಯ್ದಿಡಬೇಕು ಎಂಬುದು ಮೊದಲನೆಯದು. 2020ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪು ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯವನ್ನು ತಿಂಗಳುಗಟ್ಟಲೆ ಉಳಿಸಬೇಕು ಎಂದಿದೆ. ವಾಹಿನಿಗಳು ಅಂದು ಚಿತ್ರೀಕರಿಸಿದ ಮೂಲ ದೃಶ್ಯವನ್ನು ಅಳಿಸಬಾರದು ಎಂಬುದು ಎರಡನೆಯದು. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಧ್ವನಿ-ದೃಶ್ಯದಲ್ಲಿ ದಾಖಲಿಸಲೇಬೇಕು. ಅದರ ಪ್ರತಿಯನ್ನು ಕೇಳುವುದು ಮೂರನೆಯದು. ಈ ಅರ್ಜಿಗಳನ್ನು ಒಂದೊಂದು ಸಾವಿಗೂ ಬೇರೆ ಬೇರೆಯಾಗಿಯೇ ಬರೆಯುತ್ತೇನೆ.